ಇಳಿಜಾರಿನಲ್ಲಿ ನೋಡಬೇಕು ಕುದುರೆಯನ್ನು

ಕಳೆದ ವಾರ ಕುದುರೆಯ ಮೈಮೇಲಿನ ರೋಮದ ಸುಳಿಗಳ ಮಾತು ಅರ್ಧಕ್ಕೆ ನಿಂತಿತ್ತು. ಕೊರಳಿನ ಸುಳಿ ದೇವಮಣಿಯ ವಿಚಾರ ಈ ವಾರ ಮುಗಿಸಿಬಿಡೋಣ ಎಂದೇ ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ರಾಂಪುರದ ಕುದುರೆ ಸಂತೆಯಲ್ಲಿ ಕಂಡ ಅಜ್ಜ ನೆನಪಾದರು. ಕುದುರೆಯ ಸುಳಿ ತೋರಿಸಿ ಎಂದು ನಾನು ಕೇಳಿದರೆ ಅವರು ಅದರ ಮುಂಗಾಲೆತ್ತಿ ಗೊರಸು ತೋರಿಸಿದ್ದರು. ದೇವಮಣಿ ಇನ್ನೊಂದು ವಾರ ಕಾಯಲಿ.

ಹಿಮಾಚಲದ ರಾಂಪುರ ಸಟ್ಲೆಜ್ ದಡದ ಊರು. ನವೆಂಬರಿನ ಲವಿ ಜಾತ್ರೆಗೆ ಮುಂಚೆ ಅಲ್ಲಿ ಕುದುರೆಗಳದ್ದೇ ಒಂದು ಸಂತೆ ಕೂಡುತ್ತದೆ. ಸ್ಪಿತಿಯಿಂದ, ಅದರಲ್ಲೂ ಪಿನ್ ಕಣಿವೆಯಿಂದ, ಚುಮುರ್ತಿ ಕುದುರೆಗಳು ಇಳಿದು ಬರುತ್ತವೆ. ಹೆಸರು ಟಿಬೆಟ್ಟಿನದು, ಸ್ಪಿತಿಗೆ ಗಡಿ ಹೊಂದಿಕೊಂಡಿರುವ ಸೀಮೆಯ ಹೆಸರು. 1962ರ ಯುದ್ಧದಿಂದ ಗಡಿ ಮುಚ್ಚಿತು, ಆಚೆಯ ಬೀಜದ ಕುದುರೆಗಳು ಬರುವುದೂ ನಿಂತಿತು. ಆಮೇಲೆ ರಸ್ತೆ ಬಂತು, ಲಾರಿ ಬಂತು. ಹೊರೆ ಹೊರಿಸುವವರೇ ಕಡಿಮೆಯಾದ ಮೇಲೆ ಚಳಿಗಾಲವಿಡೀ ಹುಲ್ಲು ಹಾಕಿ ಸಾಕುವವರು ಯಾರು? ತಳಿಯೇ ಅಳಿಯುವ ಹಾಗಾದಾಗ 2002ರಲ್ಲಿ ಸ್ಪಿತಿಯ ಲರಿಯಲ್ಲಿ ಸರ್ಕಾರ ಸಂವರ್ಧನಾ ಕೇಂದ್ರ ತೆರೆಯಿತು.

ಸಂತೆಯಲ್ಲಿ ಮೊದಲ ನೋಟಕ್ಕೆ ನನಗೆ ನಿರಾಸೆಯಾಯಿತು. ಬೆಂಗಳೂರಿನ ರೇಸ್ ಕೋರ್ಸ್ ಬೇಲಿಯಾಚೆ ನಿಂತು ಕುದುರೆ ನೋಡಲು ಕಲಿತ ಕಣ್ಣು ನನ್ನದು. ಅಲ್ಲಿಯ ಥರೋಬ್ರೆಡ್‌ನ ಭುಜ ನನ್ನ ಗಲ್ಲಕ್ಕೆ ಬರುತ್ತದೆ. ಚುಮುರ್ತಿಯದು ಎದೆಯ ಹತ್ತಿರಕ್ಕೇ ನಿಲ್ಲುತ್ತದೆ. ನಾಲ್ಕು ಅಡಿಯ ಆಸುಪಾಸು, ಅಷ್ಟೆ. ದಪ್ಪ ಕತ್ತು, ಕಣ್ಣು ಮುಚ್ಚುವಷ್ಟು ಜೂಲು, ಚಳಿಗೆ ಹುಟ್ಟಿದ ಉದ್ದ ರೋಮ. ನಮ್ಮ ಕಡೆ ನೋಡಿದವರು ಥಟ್ಟನೆ ತಟ್ಟು ಎಂದುಬಿಡುತ್ತಾರೆ.

ಆ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಕುದುರೆಗೆ ಅಳತೆಕೋಲಿನಿಂದ ಬೆಲೆ ಕಟ್ಟುವ ಪಂಥವೊಂದಿದೆ. ಎತ್ತರದ ಗಂಡು ತಂದು ಕೂಡಿಸಿದರೆ ಗಿಡ್ಡ ತಳಿ ಸುಧಾರಿಸುತ್ತದೆ ಎಂದು ಅವರ ನಂಬಿಕೆ. ನಮ್ಮ ಸೇನೆ ಯುರೋಪಿನ ಆಲ್ಪ್ಸ್ ಸೀಮೆಯ ಹಾಫ್ಲಿಂಗರ್ ಕುದುರೆಗಳನ್ನು ತರಿಸಿ ಬೆಟ್ಟದ ಹೊರೆಗೆ ಪ್ರಾಣಿಗಳನ್ನು ಬೆಳೆಸಿದ್ದುಂಟು. ಸೇನೆಗೆ ಸೇನೆಯದೇ ಲೆಕ್ಕ, ಅಲ್ಲಿ ಮೇವಿನ ಗೋದಾಮಿದೆ. ಪಿನ್ ಕಣಿವೆಯ ರೈತನಿಗೆ ಏನಿದೆ? ಬೇಸಗೆಯಲ್ಲಿ ಬೆಳೆದ ಬಾರ್ಲಿ, ಬಟಾಣಿ, ಅದರ ಹೊಟ್ಟು, ಮಾಳಿಗೆಯ ಮೇಲೆ ಒಣಗಿಸಿಟ್ಟ ಹುಲ್ಲು. ತಿಂಗಳುಗಟ್ಟಲೆ ಹಿಮ ಬಿದ್ದಿರುವಾಗ ಮನೆಯವರೂ ಕುದುರೆಯೂ ಬದುಕಬೇಕಾದ್ದು ಅದರಲ್ಲೇ. ಒಂದು ಗೇಣು ಎತ್ತರ ಹೆಚ್ಚಿಸಿದರೆ ಹೊಟ್ಟೆಯೂ ಹೆಚ್ಚುತ್ತದೆ. ಗಿಡ್ಡತನ ಆ ತಳಿಯ ಕುಂದಲ್ಲ. ಆ ನೆಲದಲ್ಲಿ ಉಳಿಯುವುದಕ್ಕೆ ಬೇಕಾದ ಅಳತೆಯೇ ಅದು.

ಉಸಿರಿನ ಮಾತೂ ಇದೆ. ಸ್ಪಿತಿಯ ಕಾಜಾ ಊರಿರುವುದೇ ಸುಮಾರು 3,700 ಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿಯಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲೂ ಇಲ್ಲ. ಬಯಲಿನ ಕುದುರೆಯನ್ನು ಒಯ್ದು ನಿಲ್ಲಿಸಿದರೆ ನಿಂತಲ್ಲೇ ಏದುಸಿರು ಬಿಡುತ್ತದೆ. ಚುಮುರ್ತಿ ಅಲ್ಲಿಂದ ಹೊರೆ ಹೊತ್ತು ಇನ್ನೂ ಮೇಲಕ್ಕೆ ಹೊರಡುತ್ತದೆ.

ಎಷ್ಟು ಮೇಲಕ್ಕೆ ಎಂದರೆ ಪರಂಗ್ ಲಾ ಕಣಿವೆದಾರಿಗೆ. ಐದೂವರೆ ಸಾವಿರ ಮೀಟರಿಗೂ ಎತ್ತರ, ಮೇಲೆ ಹಿಮನದಿ. ಸ್ಪಿತಿಯ ಕಿಬ್ಬರ್ ಊರಿನವರು ಬೇಸಗೆಯಲ್ಲಿ ಕುದುರೆಗಳನ್ನು ಹೊಡೆದುಕೊಂಡು ಅದನ್ನು ದಾಟಿ ಲಡಾಖಿನ ರುಪ್ಶುಗೆ ಹೋಗುತ್ತಿದ್ದರು. ಆಚೆಯಿಂದ ಚಾಂಗ್ಪಾ ಪಶುಪಾಲಕರು ಯಾಕ್‌ಗಳೊಂದಿಗೆ ಬರುತ್ತಿದ್ದರು. ಕುದುರೆ ಕೊಟ್ಟು ಯಾಕ್ ಪಡೆಯುವ ಈ ವಿನಿಮಯದ ಬಗ್ಗೆ ಮೊದಲು ಓದಿದಾಗ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟಿದ್ದೆ. ನಮ್ಮ ವಿಜಯನಗರದವರು ಅರಬ್ಬಿ ಕುದುರೆಗಳಿಗೆ ರಾಶಿ ಹೊನ್ನು ಸುರಿದರು. ಹಡಗಿನಲ್ಲಿ ಬಂದ ಕುದುರೆಗಳು ಇಲ್ಲಿಯ ನೀರು, ಮೇವು, ಸೆಕೆಗೆ ಒಗ್ಗದೆ ಸಾಯುತ್ತಿದ್ದವು, ಮತ್ತೆ ತರಿಸುತ್ತಿದ್ದರು. ಅಲ್ಲಿ ಸ್ಪಿತಿಯ ರೈತ ತನ್ನ ಹಟ್ಟಿಯಲ್ಲಿ ಹುಟ್ಟಿದ ಮರಿಯನ್ನೇ ಬೆಳೆಸಿ, ಪಳಗಿಸಿ, ಹೊಲ ಉಳಲು ಬೇಕಾದ ಯಾಕನ್ನು ಮನೆಗೆ ತರುತ್ತಿದ್ದ.

ಗೊರಸಿಗೆ ಬರುತ್ತೇನೆ. ಅಜ್ಜ ಎತ್ತಿ ತೋರಿಸಿದ ಗೊರಸು ನನ್ನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕಲ್ಲಿನಷ್ಟು ಗಟ್ಟಿ. ಬೆರಳಿನಿಂದ ತಟ್ಟಿದೆ, ತೆಂಗಿನ ಚಿಪ್ಪಿನ ಸದ್ದು ಬಂತು. ಅಂಚು ಎಲ್ಲೂ ಒಡೆದಿರಲಿಲ್ಲ. ನಾನು ನಡೆಸಿ ತೋರಿಸಿ ಎಂದೆ. ಅಮರಕೋಶ ಹೇಳುವ ಐದು ಧಾರೆಗಳಲ್ಲಿ, ಎಂದರೆ ಕುದುರೆಯ ನಡೆಗಳಲ್ಲಿ, ಯಾವುದು ಬರುತ್ತದೋ ನೋಡುವ ಆಸೆ ನನಗೆ. ಸಮತಟ್ಟಾದ ಮೈದಾನ ಬಿಟ್ಟು ಅವರು ನದಿಯ ಕಡೆಯ ಇಳಿಜಾರಿಗೆ ಕರೆದೊಯ್ದರು.

“ಹತ್ತುವಾಗ ಎಲ್ಲಾ ಕುದುರೆಯೂ ಒಳ್ಳೆಯದೇ, ಬಾಬೂಜಿ. ಇಳಿಯುವಾಗ ನೋಡಿ.”

ಬೆನ್ನ ಮೇಲೆ ಎರಡು ಮೂಟೆ ಇತ್ತು. ಕುದುರೆ ತಲೆ ತಗ್ಗಿಸಿತು, ಮೂಗು ನೆಲಕ್ಕೆ ತಾಗುವಷ್ಟು. ಹಿಂಗಾಲುಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಸೊಂಟ ಬಗ್ಗಿಸಿ, ಕೂರುವವರಂತೆ ಮೈಯ ಭಾರವನ್ನೆಲ್ಲ ಹಿಂದಕ್ಕೆ ತಂದಿತು. ಮುಂಗಾಲು ಚಾಚಿ ಒಂದು ಕಲ್ಲಿನ ಮೇಲಿಟ್ಟಿತು. ಕಲ್ಲು ಅಲುಗಿತು. ಕಾಲು ಹಿಂದಕ್ಕೆ ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟು, ಅದು ನಿಂತಿತೆಂದು ಗೊತ್ತಾದ ಮೇಲೆಯೇ ಭಾರ ಬಿಟ್ಟಿತು. ಅಜ್ಜ ಹಗ್ಗ ಸಡಿಲ ಬಿಟ್ಟು ಅದರ ಹಿಂದೆ ನಡೆಯುತ್ತಿದ್ದರು, ಅದು ಕಾಲಿಟ್ಟ ಕಲ್ಲುಗಳ ಮೇಲೇ ತಾವೂ ಕಾಲಿಡುತ್ತ.