ಸೆರೆಮನೆಯ ಬರಹ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮಗೆ ಕರನಿರಾಕರಣೆಯ ದಿನಗಳಿಂದಲೂ ಸೆರೆಮನೆಯೆಂದರೆ ಗೌರವ. ಆದರೆ ಫ್ರಾನ್ಸಿನ ಸಾದ್, ಜೆನೆಯರನ್ನು ಓದುವಾಗ ಈ ಗೌರವವೊಂದೇ ಸಾಲದೆಂದು ನನ್ನ ಅಭಿಪ್ರಾಯ. ಸಾದ್ 1785ರಲ್ಲಿ ಬ್ಯಾಸ್ಟಿಲ್ ಕೋಟೆಯಲ್ಲಿ ಕಾಗದದ ತುಂಡುಗಳನ್ನಂಟಿಸಿ ಸುಮಾರು 12 ಮೀಟರ್ ಉದ್ದದ ಸುರುಳಿ ತುಂಬಿಸಿದ. ಕಳವಿಗಾಗಿ ಸೆರೆಬಿದ್ದ ಜೆನೆ 1942ರಲ್ಲಿ, ಚೀಲ ಮಾಡಲು ಕೊಟ್ಟ ಕಾಗದದ ಮೇಲೆಯೇ ಕಾದಂಬರಿ ಬರೆದ. ಕಾವಲುಗಾರರು ಕಸಿದುಕೊಂಡಾಗ ಮತ್ತೆ ಮೊದಲಿನಿಂದ ಬರೆದ. ಇಬ್ಬರನ್ನೂ ಬರವಣಿಗೆಗೆ ಹಚ್ಚಿದ್ದು ಸೆರೆ. ಬೇಂದ್ರೆಯವರದು ತಿರುವು ಮುರುವು: ‘ನರಬಲಿ’ ಕವಿತೆಯೇ ಅವರನ್ನು 1932ರಲ್ಲಿ ಸೆರೆಗೆ, ಅನಂತರ ಮುಗದದ ನಿರ್ಬಂಧಕ್ಕೆ ಒಯ್ದಿತು. ಮೂವರೂ ಮೇರೆ ಮೀರಿದವರೇ. ಬೇಂದ್ರೆ ಮೀರಿದ್ದು ಪರರಾಜ್ಯದ ಮೇರೆಯನ್ನು. ಸಾದ್ ಮೀರಿದ್ದು ಇನ್ನೊಬ್ಬರ ಮೈಮನಗಳ ಮೇರೆಯನ್ನು. ಬಂಧನಕ್ಕೆ ಮರುಗೋಣ, ಮೆಚ್ಚುವ ಮಾತನ್ನು ಮಾತ್ರ ಬರೆದುದನ್ನು ಓದಿದ ಮೇಲೆ ಆಡೋಣ.