ದಾದಿ ಹೇಳಿದ ಜರ್ಮನರು

ನಾವು ದಾದಾರನ್ನು ಕಂಡವರಲ್ಲ. ಅವರು ನಮಗೆ ಸಿಕ್ಕಿದ್ದು ದಾದಿಯ ಮಾತಿನಲ್ಲಿ. ಸೋಮನಾಥಪುರದ ಹಳೇ ಮನೆಯ ಪಡಸಾಲೆಯಲ್ಲಿ, ಊಟವಾದ ಮೇಲೆ, ದಾದಿ ದಖನಿಯಲ್ಲಿ ಹೇಳುತ್ತಿದ್ದ ಕಥೆ ಇಷ್ಟೇ: ದಾದಾ ಮಹಾರಾಜರ ಕುದುರೆ ಪಡೆಯಲ್ಲಿ ಸವಾರರು. ಹಡಗು ಹತ್ತಿ ಮಿಸ್ರಿಗೆ ಹೋದರು. ವರ್ಷಗಟ್ಟಲೆ ಮರಳಿನಲ್ಲಿದ್ದರು. ಕೊನೆಗೆ ಸಮುದ್ರದ ದಂಡೆಯ ಒಂದು ಬೆಟ್ಟ ಹತ್ತಿ ಜರ್ಮನರ ಫಿರಂಗಿ ಕಿತ್ತುಕೊಂಡರು. ಕುದುರೆ ಅಲ್ಲೇ ಸತ್ತಿತು. ಊರಿಗೆ ಬಂದ ಮೇಲೆ ದಾದಾ ಮತ್ತೆ ಕುದುರೆ ಏರಲಿಲ್ಲ.

ಚಿಕ್ಕಂದಿನಲ್ಲಿ ನಮಗೆ ಕುದುರೆ ಸಾಯುವ ಭಾಗವೇ ಮುಖ್ಯವಾಗಿತ್ತು. ಕಥೆ ಬರೆಯುವ ಚಟ ಹತ್ತಿದ ಮೇಲೆ ಇಡೀ ಕಥೆಯನ್ನು ಒಂದು ಕೃತಿಯಂತೆ ಓದತೊಡಗಿದೆವು. ಮೈಸೂರು ಲಾನ್ಸರ್ಸ್ ಪಡೆ ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲಿಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಬಿತ್ತು. ಜೋಧಪುರದ ಸವಾರರು ಊರಿನತ್ತ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳತ್ತ ಹೋದರು. ದಾಳಿ ಮಾಡಿದವರಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಸೆರೆಸಿಕ್ಕವರು 1,350. ಸತ್ತ ಕುದುರೆಗಳು 60. ದಾದಿಯ ಕಥೆಯಲ್ಲಿ ಹಡಗು, ಮರಳು, ಬೆಟ್ಟ, ಕುದುರೆ ಎಲ್ಲವೂ ಸರಿಯಾಗಿವೆ. ತಪ್ಪಿರುವುದು ಒಂದೇ ಪದ. ಆ ಊರನ್ನು ಕಾಯುತ್ತಿದ್ದದ್ದು ಉಸ್ಮಾನಿ ತುರ್ಕರ ಸೈನ್ಯ. ಅಂದರೆ ಖಲೀಫರ ಸೈನ್ಯ.

ಈ ಪದವನ್ನು ದಾದಿಯ ಮರೆವಿನ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗಬಹುದು. ನಮಗೆ ಹಾಗೆ ಅನಿಸುವುದಿಲ್ಲ. ಕುದುರೆಯ ಬಣ್ಣವನ್ನೂ ಮರೆಯದವರು ಶತ್ರು ಯಾರೆಂಬುದನ್ನು ಮರೆತಾರೆಯೇ? ಆ ಕಾಲವನ್ನು ನೆನೆಯಬೇಕು. ಹಿಂದುಸ್ತಾನದ ಹಲವು ಮಸೀದಿಗಳಲ್ಲಿ ಜುಮಾ ಖುತ್ಬಾದಲ್ಲಿ ತುರ್ಕಿ ಸುಲ್ತಾನರಿಗೆ ದುಆ ಮಾಡುತ್ತಿದ್ದರು. 1914ರ ನವೆಂಬರಿನಲ್ಲಿ ಇಸ್ತಾಂಬುಲಿನಿಂದ ಜಿಹಾದಿನ ಕರೆಯೂ ಹೊರಟಿತ್ತು. ಇತ್ತ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷರ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟಿದ್ದರು. ಉಪ್ಪು ತಿಂದ ಸವಾರ ಎತ್ತ ಹೋಗಬೇಕು? ಹೋದವರು ಊರಿಗೆ ಮರಳುವ ಹೊತ್ತಿಗೆ ದೇಶದಲ್ಲಿ ಖಿಲಾಫತ್ ಚಳವಳಿ ಎದ್ದಿತ್ತು. ಅಲಿ ಸಹೋದರರ ಜೊತೆ ಗಾಂಧೀಜಿ ಊರೂರು ತಿರುಗುತ್ತಿದ್ದರು. ಅಂಥ ದಿನಗಳಲ್ಲಿ ಒಬ್ಬ ಮುಸ್ಲಿಮ್ ಸಿಪಾಯಿ ತನ್ನ ಹೆಂಡತಿಗೆ, ನಮಾಜಿಗೆ ಜೊತೆಯಾಗುವ ನೆರೆಯವರಿಗೆ ಯಾರ ಮೇಲೆ ಈಟಿ ಎತ್ತಿದೆನೆಂದು ಹೇಳಿಯಾನು?

‘ಜರ್ಮನ್’ ಎಂಬ ಪದ ಅಲ್ಲಿ ಹುಟ್ಟಿರಬೇಕು ಎಂಬುದು ನಮ್ಮ ಓದು. ಅದು ಪೂರಾ ಸುಳ್ಳೂ ಅಲ್ಲ. ಪ್ಯಾಲೆಸ್ತೀನಿನಲ್ಲಿ ಉಸ್ಮಾನಿ ಪಡೆಗಳ ಸೇನಾಪತಿ ಲೀಮಾನ್ ಫಾನ್ ಸ್ಯಾಂಡರ್ಸ್ ಜರ್ಮನನೇ. ಮನೆಯ ಕಥೆ ಸೇನಾಪತಿಯನ್ನು ಮುಂದೆ ಮಾಡಿ ಸಿಪಾಯಿಗಳನ್ನು ಮರೆಯಾಗಿಸಿತು. ರಾಜರ ಚರಿತ್ರೆ ಎಂದೂ ಮಾಡುತ್ತ ಬಂದ ಕೆಲಸವನ್ನೇ ದಾದಿಯೂ ಮಾಡಿದರು, ಬೇರೆ ಕಾರಣಕ್ಕೆ.

ದಾದಾಗೆ ಬೆಳ್ಳಿಯ ಪದಕವೊಂದು ಬಂದಿತ್ತು. ಅಂಥ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು ಕೊರೆದಿರುತ್ತಿತ್ತು. ದಾದಿ ಅದನ್ನು ಕರಗಿಸಿ ಅತ್ತೆಯ ಮದುವೆಗೆ ಕಾಲುಗೆಜ್ಜೆ ಮಾಡಿಸಿದರು. ಕಷ್ಟಕ್ಕೆ ಕರಗಿಸಿದರೋ, ಕಣ್ಣಮುಂದೆ ಬೇಡವೆಂದು ಕರಗಿಸಿದರೋ, ಕೇಳುವ ಧೈರ್ಯ ನಮಗಿರಲಿಲ್ಲ.

ರಘು ಕಾರ್ನಾಡರ ‘ಫಾರ್ದೆಸ್ಟ್ ಫೀಲ್ಡ್’ (2015) ಓದುವಾಗ ಈ ಗೆಜ್ಜೆ ಪದೇ ಪದೇ ನೆನಪಾಯಿತು. ಅಜ್ಜಿಯ ಮನೆಯಲ್ಲಿದ್ದ ಮೂರು ಫೋಟೊಗಳ ಬೆನ್ನುಹತ್ತಿ ಬರೆದ ಪುಸ್ತಕ ಅದು. ಒಬ್ಬರು ಅವರ ತಾಯಿಯ ತಂದೆ, ಕೊಡಗಿನ ಸೇನಾ ವೈದ್ಯ ಗಣಪತಿ. ಎರಡನೇ ಮಹಾಯುದ್ಧಕ್ಕೆ ಹೋದ ಮೂವರೂ ಮರಳಲಿಲ್ಲ. ಕಾರ್ನಾಡರು ದಾಖಲೆ ಹುಡುಕಿ, ದಾಖಲೆ ನಿಂತಲ್ಲಿಂದ ಕಲ್ಪನೆಯಲ್ಲಿ ಮುಂದೆ ನಡೆಯುತ್ತಾರೆ. ಬ್ರಿಟಿಷರ ಸಮವಸ್ತ್ರ ತೊಟ್ಟವರನ್ನು ಸ್ವತಂತ್ರ ದೇಶ ಹೇಗೆ ಮರೆಯಿತೆಂದು ಅವರು ತೋರಿಸುವ ರೀತಿಗೆ ನಾವು ಮಾರುಹೋಗಿದ್ದೇವೆ. ಆದರೆ ಒಂದು ತಕರಾರಿದೆ. ಅದನ್ನು ಕಾರ್ನಾಡರ ಮೇಲೆ ಹೊರಿಸಲಾರೆವು, ಆ ಬಗೆಯ ಬರವಣಿಗೆಯ ಮೇಲೆಯೇ ಹೊರಿಸಬೇಕು. ಫೋಟೊ ತೆಗೆಸಿಕೊಂಡ, ಇಂಗ್ಲಿಷ್ ಬಲ್ಲ, ಅಧಿಕಾರಿಗಳಾಗಿದ್ದವರ ಮನೆಗಳಲ್ಲಿ ಕಲ್ಪನೆಗೆ ನಿಲ್ಲಲು ನೆಲವಿರುತ್ತದೆ. ಸವಾರನ ಮನೆಯಲ್ಲಿ ಇರುವುದು ಒಂದು ಮಾತು, ಅದೂ ಬದಲಾದ ಮಾತು. ಮತ್ತೊಂದು ಸಂಗತಿ: ಸತ್ತವರ ಬಗ್ಗೆ ಬರೆಯುವುದಕ್ಕಿಂತ ಬದುಕಿ ಬಂದು ಬಾಯಿ ಮುಚ್ಚಿಕೊಂಡವರ ಬಗ್ಗೆ ಬರೆಯುವುದು ಕಷ್ಟ.

ನಮ್ಮೂರಿನ ಕೇಶವ ದೇವಾಲಯದ ಗೋಡೆಯ ಬುಡವನ್ನು ನೋಡಿದವರಿಗೆ ಇದು ಹೊಸದಲ್ಲ. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಗುಡಿ. ಅವನ ಹೆಸರು ಶಾಸನದಲ್ಲಿದೆ, ಊರಿಗೇ ಇದೆ. ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ ವಿಗ್ರಹಗಳ ಕೆಳಗೆ ತನ್ನ ಹೆಸರನ್ನೂ ಬರೆದುಕೊಂಡಿದ್ದಾನೆ. ಆನೆಗಳ ಸಾಲಿನ ಮೇಲೆ ಗುಡಿಯನ್ನೇ ಸುತ್ತುವ ಕುದುರೆ ಸವಾರರಿಗೆ ಹೆಸರಿಲ್ಲ. ಹುಡುಗರಾಗಿದ್ದಾಗ ನಾವು ಅವರಲ್ಲೊಬ್ಬನನ್ನು ದಾದಾ ಎಂದು ಗೊತ್ತುಮಾಡಿಕೊಂಡಿದ್ದೆವು. ಕುದುರೆಯ ಮುಖ ಸವೆದಿರುವವನು.

ಈಚೆಗೆ ಸವಾರರಿಗೆ ಬೇಡಿಕೆ ಬಂದಿದೆ. ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿಗೆ ನಿಲ್ಲಿಸಿದ ಪ್ರತಿಮೆಗಳಿರುವ ದೆಹಲಿಯ ತೀನ್‌ಮೂರ್ತಿ ಚೌಕಕ್ಕೆ 2018ರ ಜನವರಿಯಲ್ಲಿ, ಇಸ್ರೇಲ್ ಪ್ರಧಾನಿಯ ಎದುರಿನಲ್ಲಿ, ಹೈಫಾ ಹೆಸರು ಸೇರಿಸಿದರು. ನೆಂಟರಲ್ಲಿ ಕೆಲವರು ಹೆಮ್ಮೆಯಿಂದ ಫೋಟೊ ಹಂಚಿಕೊಂಡರು. ಈ ನೆಲಕ್ಕೆ ನಿಷ್ಠೆ ತೋರಿಸಲು ನಮಗೂ ಒಂದು ಪುರಾವೆ ಸಿಕ್ಕಿತಲ್ಲ ಎಂಬ ಸಮಾಧಾನ ಅದರಲ್ಲಿತ್ತು. ಪುರಾವೆ ಕೇಳುವವರು ಯಾರು, ಯಾಕೆ ಎಂದು ಅವರು ಕೇಳಲಿಲ್ಲ. ಇನ್ನು ಕೆಲವರು ತಲೆ ತಗ್ಗಿಸಿದರು. ಬಾಲ್ಫೋರ್ ಘೋಷಣೆ 1917ರದು. ಮರುವರ್ಷ ನಮ್ಮ ಸವಾರರು ಗೆದ್ದುಕೊಟ್ಟ ಹೈಫಾದಿಂದ 1948ರ ಏಪ್ರಿಲಿನಲ್ಲಿ ಅರಬರು ದೋಣಿ ಹತ್ತಿ ಮನೆ ಬಿಟ್ಟರು. ಇದು ದಾದಾನ ತಪ್ಪೇ ಎಂದು ಒಬ್ಬ ಸೋದರಳಿಯ ರಾತ್ರಿಯೆಲ್ಲ ವಾದಿಸಿದ. ಎರಡೂ ಕಡೆಯವರು ದಾದಾ ಯಾಕೆ ಮಾತಾಡಲಿಲ್ಲ ಎಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಮಾತಾಡಿದರು. ಹೆಮ್ಮೆಪಡುವವರಿಗೆ ಗೆದ್ದ ಫಿರಂಗಿ ಸಾಕು, ನಾಚುವವರಿಗೆ ಬಿದ್ದ ಊರು ಸಾಕು. ದಾದಿಯ ತಪ್ಪು ಪದದಲ್ಲಿ ಮಾತ್ರ ಆ ಮನುಷ್ಯನ ಇಕ್ಕಟ್ಟು ಉಳಿದಿದೆ. ಅದನ್ನು ತಿದ್ದಿ ಬರೆದರೆ ನಮ್ಮ ಕೈಯಲ್ಲಿ ಇನ್ನೊಂದು ಯುದ್ಧವರದಿ ಉಳಿದೀತು, ದಾದಾ ಉಳಿಯುವುದಿಲ್ಲ.

ಗೆಜ್ಜೆಯ ಅತ್ತೆ ಈಗ ತುಂಬಾ ಮುದುಕಿ. ಹಿಂದಿನ ಈದ್‌ನ ರಾತ್ರಿ ಮಕ್ಕಳಿಗೆ ಅದೇ ಕಥೆ ಹೇಳುತ್ತಿದ್ದರು. ಮೊಮ್ಮಗನೊಬ್ಬ ಫೋನಿನಲ್ಲಿ ಹುಡುಕಿ, ‘ಜರ್ಮನರಲ್ಲ ನಾನಿ, ತುರ್ಕರು’ ಎಂದ. ಅತ್ತೆ ‘ಗೊತ್ತು’ ಎಂದರು. ಮತ್ತೆ ಬೆಟ್ಟ ಹತ್ತುವಲ್ಲಿಂದ ಶುರುಮಾಡಿ, ಜರ್ಮನರ ಫಿರಂಗಿ ಎಂದೇ ಹೇಳಿದರು.