ಅಟ್ಟದ ಮೇಲಿನ ಬೇತಾಳ

ಕಳೆದ ಬೇಸಿಗೆಯಲ್ಲಿ ಅಣ್ಣ ಫೋನು ಮಾಡಿ, "ಹೆಂಚು ಇಳಿಸಿ ತಾರಸಿ ಹಾಕಿಸ್ತಾ ಇದೀನಿ ಕಣೇ. ಅಟ್ಟ ಖಾಲಿ ಮಾಡ್ಬೇಕು. ನಿನ್ನದೇನಾದ್ರೂ ಇದ್ರೆ ಬಂದು ತಗೊಂಡು ಹೋಗು" ಎಂದ. ಮದುವೆಯಾಗಿ ಮೂವತ್ತು ವರ್ಷ ಕಳೆದ ಹೆಂಗಸಿಗೆ ತವರಿನ ಅಟ್ಟದಲ್ಲಿ ತನ್ನದು ಅಂತ ಏನಿರುತ್ತದೆ? ಆದರೂ ಮನಸ್ಸು ಕೇಳಲಿಲ್ಲ. ನರಸಿಂಹರಾಜಪುರದಿಂದ ಬೆಳಗಿನ ಬಸ್ಸು ಹತ್ತಿ, ಕೊಪ್ಪದಲ್ಲಿ ಇಳಿದು ಶೃಂಗೇರಿ ಬಸ್ಸು ಹಿಡಿದು, ಹರಿಹರಪುರ ದಾಟಿದ ಮೇಲೆ ನಮ್ಮೂರ ತಿರುವಿನಲ್ಲಿ ಇಳಿದೆ.

ನಮ್ಮ ಕಡೆ ಕಾಗದ ಉಳಿಯುವುದೇ ಒಂದು ಸೋಜಿಗ. ಜೂನಿನಲ್ಲಿ ಹಿಡಿದ ಮಳೆ ನವರಾತ್ರಿಯ ಹೊತ್ತಿಗೆ ಬಿಟ್ಟರೆ ಪುಣ್ಯ. ಅಷ್ಟರಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಬಂದಿರುತ್ತದೆ. ಗೋಡೆಗೆ ತಾಗಿಸಿ ಇಟ್ಟದ್ದು ಗೆದ್ದಲಿಗೆ. ಪುಸ್ತಕ ಉಳಿಯಬೇಕೆಂದರೆ ಅಡುಗೆಮನೆಯ ಒಲೆಯ ನೇರಕ್ಕಿರುವ ಅಟ್ಟಕ್ಕೆ ಏರಿ, ಕಾಳುಮೆಣಸು, ಒಣಗಿಸಿದ ಬೀಜಗಳ ಜೊತೆ ಹೊಗೆ ಕುಡಿದು ಬದುಕಬೇಕು. ಅಟ್ಟಕ್ಕೆ ಏರುವ ಯೋಗ್ಯತೆ ಯಾವುದಕ್ಕಿದೆ ಎಂದು ತೀರ್ಮಾನಿಸುವವರು ದೊಡ್ಡವರು.

ಅಣ್ಣನ ಟ್ರಂಕಿಗೆ ಆ ಯೋಗ್ಯತೆ ಇತ್ತು. ಮೂರು ದಪ್ಪ ಬೈಂಡುಗಳಲ್ಲಿ ಅಮರ ಚಿತ್ರ ಕಥೆ, ಫ್ಯಾಂಟಮ್ ಇರುವ ಕೆಲವು ಇಂದ್ರಜಾಲ ಕಾಮಿಕ್ಸ್, ಅಂಚೆಚೀಟಿಯ ಆಲ್ಬಮ್ಮು. ತೊಂಬತ್ತರ ದಶಕದಲ್ಲಿ ಅವನ ಮಗ ಕೂಡಿಸಿದ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳೂ ರಬ್ಬರ್ ಬ್ಯಾಂಡ್ ಸಮೇತ ಅದರೊಳಗೇ ಇದ್ದವು. ನನ್ನದು ಒಂದು ಬಿಸ್ಕತ್ತಿನ ಡಬ್ಬಿ. ಬಣ್ಣಬಣ್ಣದ ಬಳೆಚೂರು, ಟೆಂಟ್ ಸಿನಿಮಾದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಶೃಂಗೇರಿಯ ಅಂಗಡಿಯಲ್ಲಿ ಹಟ ಹಿಡಿದು ಕೊಡಿಸಿಕೊಂಡ ಅರಗಿನ ಬಣ್ಣದ ಪುಟ್ಟ ಅಡುಗೆ ಸಾಮಾನು. ಜೊತೆಗೆ ಬಸ್ಸಿನ ಟಿಕೀಟುಗಳು, ಮೊದಲು ಶಂಕರ್ ಕಂಪನಿಯವು, ಆಮೇಲೆ ಸಹಕಾರ ಸಾರಿಗೆಯವು. ಕೆಲಸಗಾರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಆ ಸಹಕಾರಿ ಬಸ್ಸು 2020ರಲ್ಲಿ ನಿಂತೇಹೋಯಿತು. ಈಗ ಆ ಟಿಕೀಟುಗಳಿದ್ದಿದ್ದರೆ ಅವೂ ಚರಿತ್ರೆಯೇ.

ಇರಲಿಲ್ಲ. "ನನ್ನ ಡಬ್ಬಿ ಎಲ್ಲಮ್ಮಾ?" ಎಂದರೆ ಎಂಬತ್ತು ದಾಟಿದ ಅಮ್ಮ, "ಯಾರೋ ಮಕ್ಕಳು ಬಂದಿದ್ವು, ಆಡ್ಕೊಳ್ಳಿ ಅಂತ ಕೊಟ್ಟೆ. ನೀನೇನು ಅದನ್ನ ಗಂಡನ ಮನೆಗೆ ಹೊತ್ಕೊಂಡು ಹೋಗ್ತಿದ್ಯಾ?" ಎಂದಳು. ನಿಮ್ಮಲ್ಲಿ ಎಷ್ಟು ಜನಕ್ಕೆ ಈ ಮಾತು ಗೊತ್ತಿದೆಯೋ! ಗಂಡುಮಕ್ಕಳು ಕೂಡಿಸಿದ್ದಕ್ಕೆ ಸಂಗ್ರಹ ಎಂದು ಹೆಸರು, ನಾವು ಕೂಡಿಸಿದ್ದು ಕಸ.

ಸಿಟ್ಟಿನಲ್ಲೇ ನಾಲ್ಕು ದಿನ ಕೂತು ಅಣ್ಣನ ಬೈಂಡುಗಳನ್ನು ಓದಿದೆ. ಐವತ್ತು ದಾಟಿದ ಮೇಲೆ ಚಿತ್ರಕಥೆ ಓದಿದರೆ ಚಿಕ್ಕಂದಿನಲ್ಲಿ ಕಾಣದ್ದು ಕಾಣುತ್ತದೆ. ಅಮರ ಚಿತ್ರ ಕಥೆಗೆ ಕನ್ನಡದ ನಂಟು ಹಳೆಯದು. 1965ರಲ್ಲಿ ಬೆಂಗಳೂರಿನ ಐ.ಬಿ.ಎಚ್.ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಅದು ಮೊದಲು ಹೊರಟದ್ದು ಕನ್ನಡದಲ್ಲೇ. ಆ ಮೊದಲ ಹತ್ತೂ ಸಿಂಡ್ರೆಲ್ಲಾ, ಅಲ್ಲಾದ್ದೀನನಂಥ ಹೊರಗಿನ ಕಥೆಗಳು. ನಮ್ಮ ಪುರಾಣ ಶುರುವಾದದ್ದು ಹನ್ನೊಂದನೆಯ ಸಂಖ್ಯೆಯ 'ಕೃಷ್ಣ'ನಿಂದ. ಸಂಪಾದಕ ಅನಂತ ಪೈ ಹುಟ್ಟಿದ್ದು ನಮ್ಮ ಘಟ್ಟದ ಕೆಳಗಿನ ಕಾರ್ಕಳದಲ್ಲಿ, 1929ರಲ್ಲಿ. ಗ್ರಂಥಾಲಯವೇ ಇಲ್ಲದ ಊರಿನ ಮಕ್ಕಳಿಗೆ ಬೀರಬಲ್ಲನನ್ನೂ ರಣಜಿತ್ ಸಿಂಗನನ್ನೂ ತಂದುಕೊಟ್ಟವರು ಅವರು. ಆ ಉಪಕಾರ ನಾನು ಮರೆಯುವುದಿಲ್ಲ.

ಆದರೆ ನೋಡಿ, ಅಲ್ಲಿ ಒಳ್ಳೆಯವರಿಗೆಲ್ಲ ಒಂದೇ ಮುಖ. ಹೆಂಗಸರಂತೂ ಸಾವಿತ್ರಿಯಾಗಿರಬೇಕು, ಪದ್ಮಿನಿಯಾಗಿರಬೇಕು, ಇಲ್ಲ ಕತ್ತಿ ಹಿಡಿದ ಝಾನ್ಸಿಯ ರಾಣಿಯಾಗಿರಬೇಕು. ಗಂಡನಿಗಾಗಿ ಯಮನ ಬೆನ್ನು ಹತ್ತದ, ಬೆಂಕಿಗೂ ಹಾರದ, ಯುದ್ಧಕ್ಕೂ ಹೋಗದ, ಸುಮ್ಮನೆ ದೋಸೆ ಹುಯ್ಯುತ್ತಾ ಜಾಣತನದಿಂದ ಬಾಳುವೆ ಮಾಡುವ ಹೆಣ್ಣು ಆ ಮೂರು ಬೈಂಡುಗಳಲ್ಲಿ ನನಗೆ ಸಿಗಲಿಲ್ಲ. ಇನ್ನೊಂದು ವಿಷಯ: ಆ ಪುಸ್ತಕಗಳ ಮೂಲೆ ಮಡಚಿಲ್ಲ, ಹುಳಿಯ ಕಲೆ ಇಲ್ಲ. ಅಣ್ಣ ಅವನ್ನು ಕೂಡಿಸಿದ್ದ, ಒಂದೋ ಎರಡೋ ಸಲ ಓದಿದ್ದ. "ಬೆಂಗಳೂರಲ್ಲಿ ಒಬ್ಬರು ಕೇಳ್ತಿದಾರೆ, ಹೊಸದರ ಹಾಗೆ ಇದ್ರೆ ಬೆಲೆ ಜಾಸ್ತಿಯಂತೆ" ಎಂದು ಹಿಗ್ಗಿದ. ಓದದೆ ಇಟ್ಟ ಪುಸ್ತಕಕ್ಕೆ ಹೆಚ್ಚು ಬೆಲೆ ಬರುವ ವ್ಯಾಪಾರ ಇದೊಂದೇ ಇರಬೇಕು.

ನಾವು ಓದಿ ಓದಿ ಹರಿದದ್ದು ಬಾಲಮಂಗಳ. ಕೊಟ್ಟಾಯಂನ ಮಂಗಳಂ ಪ್ರಕಾಶನದವರು ಕನ್ನಡದಲ್ಲೂ ತರುತ್ತಿದ್ದ ಪತ್ರಿಕೆ. ಅದರ ಡಿಂಗ ಎಂಬ ಇಲಿಯನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಕಾಡಿನ ಯಾವ ಬಡಪ್ರಾಣಿ ಕೂಗಿದರೂ ಹಾರಿಬರುವ ಇಲಿ! ಕೇರಳದ ಕೆಲವು ವಿಚಾರವಾದಿಗಳು ಇತ್ತೀಚೆಗೆ ಈ ಇಲಿಯನ್ನೇ ದೇವರೆಂದು ಕರೆದು ಒಂದು ತಮಾಷೆಯ ಮತವನ್ನೇ ಕಟ್ಟಿದ್ದಾರೆ. ಕಥೆ ಪ್ರತಿ ಸಲವೂ ಅದೇ, ಚಿತ್ರವೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಸಣ್ಣದೊಂದು ಜೀವ ದೊಡ್ಡವರನ್ನು ಹೊಡೆದು ಕೆಡಹುವುದನ್ನು ಓದುವ ಸುಖ, ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವ ಹುಡುಗಿಗೆ ಗೊತ್ತು. ಒಂದು ಪ್ರತಿ ಏಳು ಮನೆ ಸುತ್ತುತ್ತಿತ್ತು. ಎನ್.ಆರ್. ಪುರದ ಚಿಕ್ಕಮ್ಮನ ಮಕ್ಕಳು ರಜೆಗೆ ಬಂದರೆ ಅದಲು ಬದಲು, ಎರಡು ಹಳೆಯದಕ್ಕೆ ಒಂದು ಹೊಸದು. ತಿರುಗಿ ತಿರುಗಿ ಚಿಂದಿಯಾದ ಮೇಲೆ ಬಚ್ಚಲೊಲೆಗೆ. ಹಾಗಾಗಿ ಅಟ್ಟದಲ್ಲಿ ಡಿಂಗನ ಒಂದು ಬಾಲವೂ ಉಳಿದಿಲ್ಲ. ನಾಳೆ ಯಾರಾದರೂ ಈ ಟ್ರಂಕು ನೋಡಿ, ಮಲೆನಾಡಿನ ಮಕ್ಕಳು ಏನು ಓದುತ್ತಿದ್ದರು ಎಂದು ಬರೆದರೆ ಅದು ಪೂರಾ ತಪ್ಪಾಗುತ್ತದೆ.

ಇವೆರಡರ ನಡುವಿನದು ಚಂದಮಾಮ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮೇಲು. 1947ರಲ್ಲಿ ಮದ್ರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಇಬ್ಬರೂ ಸೇರಿ ತೆಲುಗು ತಮಿಳುಗಳಲ್ಲಿ ಶುರುಮಾಡಿ, ಆಮೇಲೆ ಕನ್ನಡಕ್ಕೂ ತಂದದ್ದು. 2013ರ ಹೊತ್ತಿಗೆ ನಿಂತುಹೋಯಿತು. ಅದರ ಕನ್ನಡ ಸ್ವಲ್ಪ ಬಿಗಿ, ಬೇರೆ ಭಾಷೆಯಿಂದ ಇಳಿಸಿದ್ದು ಎಂದು ಗೊತ್ತಾಗುತ್ತದೆ, ನಿಜ. ಆದರೆ ಅಲ್ಲಿ ಜಾಣ ಸೊಸೆ ಇದ್ದಳು, ಜಿಪುಣನಿಗೆ ಬುದ್ಧಿ ಕಲಿಸುವ ಮುದುಕಿ ಇದ್ದಳು. ಶಂಕರ್ ಬರೆದ ಚಿತ್ರದಲ್ಲಿ ಜಗಲಿಯ ಕಂಬ, ಮೂಲೆಯ ತಂಬಿಗೆ, ಸೆರಗಿನ ನೆರಿಗೆ ಎಲ್ಲವೂ ಇರುತ್ತಿತ್ತು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಆ ಒಂದು ಚಿತ್ರ ನಿಮ್ಮ ಕಣ್ಣಿಗೂ ಕಟ್ಟಿದಂತಿರಬೇಕು. ಬೇತಾಳನ ಹಳೆಯ ಕಥೆಗಳು ಇಪ್ಪತ್ತೈದೇ. ಅವು ಮುಗಿದ ಮೇಲೂ ಪತ್ರಿಕೆಯವರು ದಶಕಗಟ್ಟಲೆ ಹೊಸವನ್ನು ಹೊಸೆದರು. ಪ್ರಶ್ನೆಗೆ ಉತ್ತರ ಸಿಗುತ್ತದೆ, ಬೇತಾಳ ಮತ್ತೆ ಮರಕ್ಕೆ. ಕೂಡಿಸುವ ಹುಚ್ಚಿನವರಿಗೆ ಇದಕ್ಕಿಂತ ಒಳ್ಳೆಯ ಬಲೆ ಬೇರೆ ಇಲ್ಲ, ಮುಂದಿನ ತಿಂಗಳಿಲ್ಲದೆ ಈ ತಿಂಗಳು ಪೂರ್ತಿಯಾಗುವುದೇ ಇಲ್ಲ.

ಆದರೆ ನಮ್ಮ ಮನೆಯಲ್ಲಿ ಅಷ್ಟು ವರ್ಷ ಬಂದ ಚಂದಮಾಮ ಟ್ರಂಕಿನಲ್ಲೂ ಇರಲಿಲ್ಲ. ಅದೂ ಬಚ್ಚಲೊಲೆಗೇ ಹೋಗಿರಬೇಕು ಎಂದುಕೊಂಡು ಸುಮ್ಮನಾದೆ.

ಐದನೆಯ ದಿನ ಅಡುಗೆಮನೆಯ ಗೂಡುಗಳನ್ನು ಖಾಲಿ ಮಾಡಲು ಹೊರಟೆವು. ಬೇಳೆ ಡಬ್ಬಿಗಳನ್ನು ಇಳಿಸುತ್ತಿದ್ದ ಹಾಗೆ ಅಣ್ಣನ ಮೊಮ್ಮಗಳು ಕೆಳಗೆ ಹಾಸಿದ್ದ ಕಾಗದ ಎಳೆದಳು. "ಚಿಕ್ಕಜ್ಜಿ, ದೆವ್ವದ ಚಿತ್ರ!" ನೋಡಿದರೆ ವಿಕ್ರಮ, ಹೆಗಲ ಮೇಲೆ ಬೇತಾಳ. ಅರಿಸಿನ, ಜೀರಿಗೆಯ ಘಮ. ಚಿತ್ರದ ಬದಿ ಮೇಲಾಗಿ ಹಾಸಿತ್ತು. ಮಗು ಅಕ್ಷರ ಕೂಡಿಸಿಕೊಂಡು ಓದಿತು. ಬೇತಾಳ ಪ್ರಶ್ನೆ ಕೇಳಿದ, ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ ಎಂದ, ಹಾಳೆ ಮುಗಿಯಿತು. "ಉತ್ತರ ಎಲ್ಲಿ?" ಅಣ್ಣ ತನಗೆ ನೆನಪಿದೆ ಎಂದು ಒಂದು ಹೇಳಿದ. ಅದಲ್ಲವೇ ಅಲ್ಲ ಎಂದು ನಾನು ಇನ್ನೊಂದು ಹೇಳಿದೆ. ಇಬ್ಬರ ದನಿಯೂ ಏರಿತು.

ಹಿತ್ತಿಲ ಬಾಗಿಲಲ್ಲಿ ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ, "ಯಾಕೆ ಜಗಳ ಆಡ್ತೀರಿ? ಅದರ ಮುಂದಿನ ಹಾಳೆ ಎರಡನೇ ಗೂಡಲ್ಲಿದೆ, ಎಣ್ಣೆ ಡಬ್ಬಿ ಅಡಿ. ಜಾಣ ಸೊಸೇದು ಅದರ ಪಕ್ಕ, ಸಕ್ಕರೆ ಡಬ್ಬಿ ಕೆಳಗೆ" ಎಂದಳು.

ಸ್ಟೂಲು ಹತ್ತಿ ಡಬ್ಬಿ ಸರಿಸಿದೆ. ಇತ್ತು. ಎಣ್ಣೆ ಕುಡಿದ ಹಾಳೆಯಲ್ಲಿ ಎರಡೂ ಬದಿಯ ಅಕ್ಷರಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಮಗು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನದ್ಯಾವುದು ಮುಂದಿನದ್ಯಾವುದು ಎಂದು ಬೆರಳಿಟ್ಟು ಬಿಡಿಸತೊಡಗಿತು.